ಹನ್ನೊಂದು ಹಾಳೆ

ಹೆಣದ ಕಾಲಿನ ಹೆಬ್ಬೆರಳುಗಳಿಗೆ ಕಟ್ಟಿದ ದಾರ ಸಡಿಲವಾಯಿತೆಂದು ಕಶ್ಯಪ್ ಬಗ್ಗಿ ಇನ್ನೊಂದು ಗಂಟು ಬಿಗಿಯುತ್ತಿದ್ದಾಗ ಬೀದಿಯಲ್ಲಿ ಕಾರು ನಿಂತ ಸದ್ದಾಯಿತು. ಅಷ್ಟು ಹೊತ್ತೂ ಜಗುಲಿ ಬಿಟ್ಟು ಅಲುಗದೆ ಕೂತಿದ್ದ ಜನ ದಡಬಡನೆ ಎದ್ದು ನಿಂತರು. ಸತ್ತವನಿಗೆ ಸಿಗದ ಮರ್ಯಾದೆ ಕಾರಿಗೆ ಸಿಕ್ಕಿತು.

“ಶ್ರೀಹರಿರಾಯರು ಕಣ್ರೀ! ಅವರೇ ಬಂದಿದಾರೆ!”

ಗಂಡನ ತಲೆಯ ಪಕ್ಕ ಕೂತಿದ್ದ ಗೋದಾಗೆ ಎದೆ ಧಸಕ್ಕೆಂದಿತು. ಬೆಳಗಿನ ಜಾವ ಐದಕ್ಕೆ ವೆಂಕಟಾಚಲನ ಉಸಿರು ನಿಂತಾಗಲೂ ಹೀಗಾಗಿರಲಿಲ್ಲ. ಅದು ಕಾದು ಕೂತಿದ್ದ ಸಾವು. ಎಪ್ಪತ್ತೈದರ ಮುದುಕ, ಮೂರು ತಿಂಗಳಿಂದ ಹಾಸಿಗೆ ಹಿಡಿದಿದ್ದ, ಹೋದ. ಅವಳು ಅತ್ತಳು, ಅತ್ತು ಮುಗಿಸಿ ದೀಪ ಹಚ್ಚಿಟ್ಟಳು. ಆದರೆ ಈ ಮನುಷ್ಯ ಈ ಹೊಸ್ತಿಲು ತುಳಿಯುತ್ತಾನೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಇತ್ತ ಮುಖ ಹಾಕದವನು ಇವತ್ತು ಬಂದಿದ್ದಾನೆಂದರೆ ಸುಮ್ಮನೆ ಬಂದಿಲ್ಲ.

ಶ್ರೀಹರಿರಾಯರನ್ನು ಗುರುತಿಸದವರು ಶಂಕರಪುರದಲ್ಲಿ ಯಾರಿದ್ದರು? ಹೋದ ತಿಂಗಳಷ್ಟೇ ಒಂದು ವಾರಪತ್ರಿಕೆ, ಕನ್ನಡದ ಅತಿ ಶ್ರೇಷ್ಠ ಕಾದಂಬರಿ ಯಾವುದು ಅಂತ ಓದುಗರನ್ನು ಕೇಳಿತ್ತು. ರಾಯರ ‘ಎಂಟನೆಯ ಅಂಕಣ’ ಎಲ್ಲವನ್ನೂ ಹಿಂದೆ ಹಾಕಿ ಮೊದಲು ನಿಂತಿತು. ಆ ಕಾದಂಬರಿಯ ಹೆಂಗಸು ತುಂಗಕ್ಕ. ಗಂಡ ಬಿಟ್ಟುಹೋದ ಮನೆಯನ್ನು ಹನ್ನೆರಡು ವರ್ಷ ಒಬ್ಬಳೇ ನಡೆಸಿದವಳು. ಕೊನೆಗೆ ಒಂದು ಸಂಜೆ ಯಾರೋ ಬಾಗಿಲು ಬಡಿಯುತ್ತಾರೆ. ತುಂಗಕ್ಕ ಹಿಟ್ಟಿನ ಕೈ ಒರೆಸಿಕೊಂಡು ಎದ್ದು ಹೋಗಿ ಅಗುಳಿ ತೆಗೆಯುತ್ತಾಳೆ. ಅಷ್ಟೇ, ಕತೆ ಮುಗಿಯಿತು. ಬಾಗಿಲಾಚೆ ಯಾರಿದ್ದರು ಅಂತ ಹೇಳಲೇ ಇಲ್ಲ. ಅದಕ್ಕೇ ಅದು ಶ್ರೇಷ್ಠವಂತೆ! ಜನ ಇಪ್ಪತ್ತೊಂಬತ್ತು ವರ್ಷದಿಂದ ಆ ಬಾಗಿಲ ಮುಂದೆ ನಿಂತು ಜಗಳವಾಡುತ್ತಿದ್ದಾರೆ.

ರಾಯರು ಊರುಗೋಲು ಊರಿಕೊಂಡು ಬಂದು, ಹೆಣದ ಮುಂದೆ ಕೈ ಮುಗಿದು, ಕಣ್ಣು ಮುಚ್ಚಿ ನಿಂತರು. ಗೋಡೆಗೊರಗಿ ಕೂತಿದ್ದ ವೆಂಕಟಾಚಲನ ಅಕ್ಕ ಗಿರಿಜಾಂಬಾ ಬಾಯಿ ತೆರೆದರು. ಎಂಬತ್ತಾದರೂ ಆ ಬಾಯಿಗೆ ವಯಸ್ಸಾಗಿರಲಿಲ್ಲ.

“ನೋಡಿದ್ಯೇನೇ ಗೋದಾ? ಎಂಥೋರು ಬಂದಿದಾರೆ! ನಮ್ಮ ವೆಂಕಟ ನೆಟ್ಟಗೆ ಕೆಲಸ ಮಾಡಿದ್ದಿದ್ರೆ ಇಂಥೋರ ಜೊತೇಲೇ ಇರ್ಬೋದಿತ್ತು. ಪ್ರೂಫ್ ನೋಡು ಅಂದ್ರೆ ನಿದ್ದೆ ಮಾಡಿ ಕೆಲಸ ಕಳ್ಕೊಂಡ. ಅವನ ಹಣೇಬರಹ.”

ಗೋದಾ ದೀಪದ ಬತ್ತಿ ಮುಂದೆ ಮಾಡಿದಳು. ಇಪ್ಪತ್ತೊಂಬತ್ತು ವರ್ಷದಿಂದ ಈ ಮಾತು ಕೇಳಿದ್ದಳು, ಮದುವೆಮನೆಯಲ್ಲಿ, ನಾಮಕರಣದಲ್ಲಿ, ಗಾಂಧೀಬಜಾರಿನ ಹೂವಿನಂಗಡಿಯ ಮುಂದೆ. ಅಜಾಗರೂಕತೆಯಿಂದ ಕೆಲಸ ಕಳೆದುಕೊಂಡವನು. ಅದೇ ವೆಂಕಟಾಚಲನ ಬಿರುದು. ಆ ಬಿರುದು ಅವನದಲ್ಲ, ತನ್ನದು ಅಂತ ಅವಳೊಬ್ಬಳಿಗೆ ಗೊತ್ತಿತ್ತು. ಬೆಳಗ್ಗೆ ಐದರಿಂದ ಅವಳು ಒಂದೇ ಹಟ ಹಿಡಿದಿದ್ದಳು. ಹೆಣ ಹೊಸ್ತಿಲು ದಾಟುವ ಮುಂಚೆ ಹೇಳಿಬಿಡಬೇಕು. ದಾಟಿದ ಮೇಲೆ ಹೇಳಿದರೆ ಎಷ್ಟು, ಬಿಟ್ಟರೆ ಎಷ್ಟು.

“ದೊಡ್ಡಮ್ಮ, ಹನ್ನೆರಡಕ್ಕೆ ಸ್ಮಶಾನದಲ್ಲಿ ಟೈಮ್ ಕೊಟ್ಟಿದಾರೆ,” ಎಂದ ಕಶ್ಯಪ್. ಮೈದುನನ ಮಗ, ಗಂಡುಮಕ್ಕಳಿಲ್ಲದ ದೊಡ್ಡಪ್ಪನ ಕರ್ಮಕ್ಕೆ ಇವನೇ ಕೂತಿದ್ದ. “ತಪ್ಪಿದ್ರೆ ಮತ್ತೆ ಮೂರು ಗಂಟೆಗಂತೆ. ಹನ್ನೊಂದೂ ಕಾಲಿಗೆ ಎತ್ಬೇಕು.”

ಗೋಡೆಯ ಗಡಿಯಾರದಲ್ಲಿ ಹತ್ತೂ ಇಪ್ಪತ್ತು.

*

ಆಗ ಗೋದಾಗೆ ಮೂವತ್ತೇಳು. ಚಾಮರಾಜಪೇಟೆಯ ದೊಡ್ಡಬೈರಪ್ಪನ ಪ್ರೆಸ್ಸಿನಲ್ಲಿ ವೆಂಕಟಾಚಲ ಪ್ರೂಫ್ ನೋಡುತ್ತಿದ್ದ. ಪ್ರೂಫ್ ನೋಡುವುದು ಇಬ್ಬರ ಕೆಲಸ. ಒಬ್ಬರು ಲೇಖಕನ ಕೈಬರಹ ನೋಡಿಕೊಂಡು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು ತಪ್ಪು ತಿದ್ದಬೇಕು. ಪ್ರೆಸ್ಸಿನಲ್ಲಿ ಓದುವವನು ಮೂಗಿನಲ್ಲಿ ಗೊಣಗುತ್ತಿದ್ದ. ಹಾಗಾಗಿ ವೆಂಕಟಾಚಲ ಒಳ್ಳೊಳ್ಳೆಯ ಪುಸ್ತಕಗಳನ್ನು ಮನೆಗೆ ತರುತ್ತಿದ್ದ. ಅಚ್ಚಿನ ಮೊಳೆ ಜೋಡಿಸಲು ಕೊಡುವ ಮುಂಚೆ ಕೈಬರಹವನ್ನೂ ಒಮ್ಮೆ ಹೀಗೇ ಕೂತು ಓದಿಸುತ್ತಿದ್ದ. ಸಂಜೆ ಕಾಫಿಯಾದ ಮೇಲೆ ಗೋದಾ ಓದುವವಳು.

ಬರಿಯ ಮಾತನ್ನಲ್ಲ, ಚಿಹ್ನೆಗಳನ್ನೂ ಓದಬೇಕು. “ತುಂಗಕ್ಕ ಒಲೆ ಊದಿದಳು ಅಲ್ಪವಿರಾಮ ಹೊಗೆ ಬಂತು ಪೂರ್ಣವಿರಾಮ” ಎಂದು ಅವಳು ಓದುತ್ತಿದ್ದರೆ ಪುಟ್ಟ ಮಗಳು ಆರಾಧನಾ ಕೈತಟ್ಟಿ ನಗುತ್ತಿದ್ದಳು. ವೆಂಕಟಾಚಲ ನಗುತ್ತಿರಲಿಲ್ಲ. ಅವಳ ದನಿ ಎಲ್ಲಿ ತಡವರಿಸಿತೋ ಅಲ್ಲಿ ಪೆನ್ನು ನಿಲ್ಲಿಸಿ, “ಯಾಕೆ, ಏನಾಯ್ತು?” ಎನ್ನುತ್ತಿದ್ದ. “ಇಲ್ಲಿ ಏನೋ ಸುಳ್ಳು ಅನ್ಸುತ್ತೆ ಕಣ್ರೀ,” ಎಂದರೆ ಪಕ್ಕದಲ್ಲಿ ಸಣ್ಣ ಗುರುತು ಹಾಕಿ ಲೇಖಕರನ್ನು ಕೇಳಿಸುತ್ತಿದ್ದ. ಅವಳು ಓದಿದ್ದು ಎಂಟನೆ ಕ್ಲಾಸು. ಆದರೆ ಕತೆಯಲ್ಲಿ ಒಂದು ಹೆಂಗಸು ಸುಳ್ಳಾಡಿದರೆ ಅವಳಿಗೆ ಗೊತ್ತಾಗುತ್ತಿತ್ತು, ಸಾರಿಗೆ ಉಪ್ಪು ಕಡಿಮೆಯಾದರೆ ಗೊತ್ತಾಗುವ ಹಾಗೆ.

‘ಎಂಟನೆಯ ಅಂಕಣ’ದ ಕೈಬರಹದ ಕೊನೆಯ ಕಟ್ಟು ಒಂದು ಶುಕ್ರವಾರ ಮನೆಗೆ ಬಂತು. ಮರುದಿನ ವೆಂಕಟಾಚಲ ಪ್ರೆಸ್ಸಿಗೆ ಹೋದಾಗ ಗೋದಾಗೆ ತಡೆಯಲಾಗಲಿಲ್ಲ. ಇಬ್ಬರೂ ಒಟ್ಟಿಗೇ ಓದಬೇಕೆಂಬುದು ಅವರ ಕಟ್ಟಲೆ. ಅದನ್ನು ಮುರಿದು, ಮಧ್ಯಾಹ್ನ ಮಗಳು ಸ್ಕೂಲಿನಲ್ಲಿದ್ದಾಗ, ಅಡಿಗೆಮನೆಯ ಮಣೆಯ ಮೇಲೆ ಕೂತು ಓದಿದಳು. ಬಾಗಿಲು ಬಡಿದ ಸದ್ದು, ಹಿಟ್ಟಿನ ಕೈ, ಅಗುಳಿ. ಅಲ್ಲಿಂದ ಮುಂದೆ ಇನ್ನೊಂದು ಅಧ್ಯಾಯವಿತ್ತು. ಹನ್ನೊಂದು ಹಾಳೆ.

ಓದುತ್ತ ಓದುತ್ತ ಅವಳಿಗೆ ಸಿಟ್ಟು ನೆತ್ತಿಗೇರಿತು. ಮುನ್ನೂರು ಹಾಳೆಯುದ್ದಕ್ಕೂ ತನ್ನ ಕಾಲ ಮೇಲೆ ನಿಂತಿದ್ದ ತುಂಗಕ್ಕನ ಬಾಯಲ್ಲಿ ರಾಯರು ಉಪನ್ಯಾಸ ಮಾಡಿಸಿದ್ದರು. ಒಳ್ಳೆಯವರಿಗೆ ಒಳ್ಳೆಯದು, ಕೆಟ್ಟವರಿಗೆ ಕೆಟ್ಟದ್ದು, ಪ್ರಸಾದ ಹಂಚಿದ ಹಾಗೆ ಎಲ್ಲರ ಕೈಗೂ ಒಂದೊಂದು ತುತ್ತು. “ಅಯ್ಯೋ ನಿನ್ನ! ಇವಳು ಹೀಗೆ ಮಾಡೋಳೇನೋ?” ಎಂದು ಗೋದಾ ಖಾಲಿ ಅಡಿಗೆಮನೆಯಲ್ಲಿ ಗಟ್ಟಿಯಾಗಿಯೇ ಬೈದಳು. ಆಮೇಲೆ ಏನು ಬಂತೋ ಏನೋ, ಆ ಹನ್ನೊಂದು ಹಾಳೆ ತೆಗೆದು ಬೇಳೆಡಬ್ಬಿಯ ತಳಕ್ಕೆ ಸೇರಿಸಿ ಮೇಲೆ ಬೇಳೆ ಸುರಿದಳು.

ಸಂಜೆ ಇಬ್ಬರೂ ಕೂತರು. ಅವಳು ಅಗುಳಿಯವರೆಗೂ ಓದಿ, “ಪೂರ್ಣವಿರಾಮ” ಎಂದಳು. ವೆಂಕಟಾಚಲ ಪೆನ್ನು ಹಿಡಿದು ಕಾದ.

“ಮುಂದೆ?”

“ಇಷ್ಟೇ.”

ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಆಮೇಲೆ ಅವನು ಕೆಂಪು ಮಸಿಯಲ್ಲಿ ‘ಮುಕ್ತಾಯ’ ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿದ. “ಚೆನ್ನಾಗಿದೆ ಗೋದಾ,” ಎಂದ.

*

ಅಕ್ಕಿಯ ಬಟ್ಟಲು ತರಲು ಗೋದಾ ಎದ್ದು ಒಳಗೆ ಹೋದಳು. ಕಾಲು ತೊಳೆಯುವ ನೆಪದಲ್ಲಿ ಶ್ರೀಹರಿರಾಯರು ಹಿಂದೆಯೇ ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಅವರ ಹಿಂದೆ ಜಗುಲಿಯಿಂದ ಮಾತು ಕೇಳಿಸುತ್ತಿತ್ತು. ಆರಾಧನಾ ಪಾಠ ಮಾಡುವ ಕಾಲೇಜಿನ ಇಬ್ಬರು ಮೇಷ್ಟರುಗಳು ಸಾವಿನ ಮನೆಯೆಂಬುದನ್ನೂ ಮರೆತು ದನಿ ಏರಿಸಿದ್ದರು.

“ಗಂಡ ಅಲ್ಲದೆ ಇನ್ಯಾರ್ರೀ ಮರಿಯಣ್ಣ? ಕತೆ ಎಲ್ಲಾ ಅವನಿಗೇ ಕಾದಿದೆ.”

“ಗಂಡ ಅಂದ್ಬಿಟ್ರೆ ಅದೊಂದು ಸಾಮಾನ್ಯ ಕಾದಂಬರಿ ಸಾರ್. ಹೇಳ್ದೇ ಬಿಟ್ರಲ್ಲ, ಅಲ್ಲಿದೆ ದೊಡ್ಡತನ. ಓದೋನ ಕೈಗೆ ಅಗುಳಿ ಕೊಟ್ಟು ಹೋಗ್ಬಿಟ್ರು. ಅಂಥ ಧೈರ್ಯ ಎಷ್ಟು ಜನಕ್ಕಿದೆ?”

ರಾಯರು ಆ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ಗೋದಮ್ಮನೋರೇ, ಈ ಹೊತ್ತಲ್ಲಿ ಕೇಳ್ಬಾರ್ದು. ಆದ್ರೂ… ವೆಂಕಟಾಚಲಯ್ಯನೋರ ಪೆಟ್ಟಿಗೇಲಿ ನನ್ನ ಕೈಬರಹದ್ದು ಏನಾದ್ರೂ ಇದೆಯಾ?”

“ಎಂಥ ಕೈಬರಹ?”

“ನಿಮಗೆ ಗೊತ್ತಿಲ್ದೇ ಇರೋಲ್ಲ. ಹನ್ನೊಂದು ಹಾಳೆ. ನನ್ನ ಹತ್ರ ಇದ್ದ ಕರಡು ನಾನೇ ಅವತ್ತೇ ಹರಿದು ಹಾಕ್ದೆ. ಅವರು ಕಳ್ದುಹೋಯ್ತು ಅಂದ್ರು, ನಾನು ನಂಬಲಿಲ್ಲ. ಎಲ್ಲೋ ಇಟ್ಕೊಂಡಿರ್ತಾರೆ ಅಂತ ನನ್ನ ಗುಮಾನಿ.” ರಾಯರು ಮತ್ತೊಮ್ಮೆ ಜಗುಲಿಯ ಕಡೆ ತಿರುಗಿ ನೋಡಿದರು. “ಮುಂದಿನ ತಿಂಗಳು ಸನ್ಮಾನ ಇದೆ. ಈ ವಯಸ್ಸಲ್ಲಿ ಅದು ಯಾರ ಕೈಗಾದ್ರೂ ಸಿಕ್ಕಿ, ಶ್ರೀಹರಿರಾಯನ ಕಾದಂಬರಿ ಮುಗಿಸಿದ್ದು ಪ್ರೆಸ್ಸಿನೋರ ತಪ್ಪು ಅಂತ ಪೇಪರಲ್ಲಿ ಬಂದ್ರೆ… ನಿಮ್ಮ ಮಗಳೂ ಅದನ್ನೇ ಪಾಠ ಮಾಡ್ತಾಳಂತಲ್ಲ. ಅವಳ ಮುಖ ನೋಡಿಯಾದ್ರೂ ಕೊಟ್ಬಿಡಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಇಬ್ಬರು ಕಳ್ಳರು ಎದುರುಬದುರು ನಿಂತಿದ್ದರು, ಇಬ್ಬರ ಹೆಗಲ ಮೇಲೂ ಬೂದಿ. ಗೋದಾಗೆ ಒಂದು ಕ್ಷಣ ಆಸೆ ಹುಟ್ಟಿತು. ಇವರೇ ಒಂದು ಮಾತು ಹೇಳಿಬಿಟ್ಟರೆ ತಾನು ಬಾಯಿ ಬಿಡಬೇಕಾಗಿಲ್ಲ, ಮಗಳ ಕಣ್ಣಲ್ಲಿ ಕೆಳಗಿಳಿಯಬೇಕಾಗಿಲ್ಲ.

“ರಾಯರೇ, ಆ ಹಾಳೆ ಯಾರ ಕೈಗೂ ಸಿಗೋಲ್ಲ. ಅದಕ್ಕೆ ನಾನು ಜವಾಬ್ದಾರಿ. ನೀವು ಒಂದು ಉಪಕಾರ ಮಾಡಿ. ಇವರು ಕೆಲಸದಲ್ಲಿ ತಪ್ಪು ಮಾಡಿದೋರಲ್ಲ ಅಂತ ನಾಲ್ಕು ಜನರ ಮುಂದೆ ಒಂದೇ ಒಂದು ಮಾತು ಹೇಳಿ. ಸುಟ್ಟು ಬೂದಿ ಆಗೋ ಮುಂಚೆ ಆ ಕಳಂಕ ಹೋಗ್ಲಿ.”

“ಹೇಳ್ತೀನಮ್ಮ. ಖಂಡಿತಾ ಹೇಳ್ತೀನಿ.” ರಾಯರು ದೊಡ್ಡ ಉಸಿರು ಬಿಟ್ಟರು. ಕಾಲು ತೊಳೆಯುವುದನ್ನು ಮರೆತೇ ಹೊರಗೆ ಹೋದರು.

*

ಪುಸ್ತಕ ಬಿಡುಗಡೆಯಾಗಿ ಎರಡು ದಿನಕ್ಕೆ ರಾಯರು ಪ್ರೆಸ್ಸಿಗೆ ನುಗ್ಗಿ ಗಲಾಟೆ ಮಾಡಿದ್ದರು. ಕೊನೆಯ ಅಧ್ಯಾಯವೇ ಇಲ್ಲ! ಬೇರೆ ಅಚ್ಚು ಹಾಕಿ ಪ್ರತಿಯೊಂದಕ್ಕೂ ಅಂಟಿಸಿ ಎಂದರು. ವೆಂಕಟಾಚಲ ತಲೆ ತಗ್ಗಿಸಿ, “ನನ್ನಿಂದ ತಪ್ಪಾಯ್ತು, ಹಾಳೆ ಎಲ್ಲೋ ಕಳೀತು,” ಎಂದನಂತೆ. ಅಷ್ಟರಲ್ಲಿ ಭಾನುವಾರದ ಪತ್ರಿಕೆ ಬಂತು. ಕನ್ನಡದಲ್ಲಿ ಇಂಥ ಮುಕ್ತಾಯ ಯಾರೂ ಬರೆದಿಲ್ಲ ಎಂದು ಒಂದು ಪುಟ ಹೊಗಳಿಕೆ. ಸೋಮವಾರ ರಾಯರು ಮತ್ತೆ ಪ್ರೆಸ್ಸಿಗೆ ಬಂದರು. ಅಂಟಿಸುವುದು ಬೇಡ ಎಂದರು. ಇದು ಗೊತ್ತಿರುವ ಮನುಷ್ಯ ಪ್ರೆಸ್ಸಿನಲ್ಲಿರುವುದೂ ಬೇಡ ಎಂದರು. ಇವೆಲ್ಲ ಗೋದಾಗೆ ಆಮೇಲೆ ಅವರಿವರಿಂದ ತಿಳಿದದ್ದು. ಕೆಲಸ ಹೋದ ದಿನ ಗಂಡ ಮನೆಗೆ ಬಂದು ಕೋಟು ತೆಗೆದು ಮೊಳೆಗೆ ಹಾಕಿ, “ಕಾಫಿ ಕೊಡು,” ಎಂದಿದ್ದ, ಅಷ್ಟೇ.

ಅವಳು ಕಾಫಿ ಕೊಟ್ಟಳು. ಹೇಳಬೇಕೆಂದು ಬಾಯಿ ತೆರೆದಳು, “ಸಕ್ಕರೆ ಸಾಕಾ?” ಎಂದು ಕೇಳಿ ಒಳಗೆ ಹೋದಳು. ಅವತ್ತು ಸಂಜೆ ಬೇಳೆಡಬ್ಬಿಯಿಂದ ಹಾಳೆ ತೆಗೆದು ಬಚ್ಚಲ ಹಂಡೆಯ ಒಲೆಗೆ ಹಾಕಿದಳು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವುದರಲ್ಲಿ ವರ್ಷ ಕಳೆಯಿತು. ವರ್ಷ ಕಳೆದ ಮೇಲೆ ಹೇಳುವ ಮಾತು ಇನ್ನೂ ಕಷ್ಟ.

ಆಮೇಲೆ ವೆಂಕಟಾಚಲ ಮನೆಯಲ್ಲೇ ಕೂತು ಪಂಚಾಂಗ, ಪರೀಕ್ಷೆಯ ಗೈಡು, ಮದುವೆಯ ಕರೆಯೋಲೆಗಳ ಪ್ರೂಫ್ ನೋಡಿದ. ಮೊದಮೊದಲು ಸಂಜೆ ಹೊತ್ತು, “ಓದ್ತೀಯೇನೇ ಗೋದಾ?” ಎಂದು ಕರೆಯುತ್ತಿದ್ದ. “ಕಣ್ಣು ನೋವು ಕಣ್ರೀ,” ಎನ್ನುತ್ತಿದ್ದಳು ಅವಳು. ತನ್ನ ದನಿಗೆ ತಾನೇ ಹಾಕಿಕೊಂಡ ಶಿಕ್ಷೆ ಅದು. ಈ ನಾಲಗೆಯಿಂದಲೇ ಅಲ್ಲವೇ ಇವರ ಅನ್ನ ಹೋದದ್ದು, ಇನ್ನು ಓದಬಾರದು. ಕೆಲವು ವರ್ಷದ ಮೇಲೆ ಅವನು ಕರೆಯುವುದನ್ನು ಬಿಟ್ಟ. ಎಡಗೈ ಬೆರಳು ಒಂದು ಹಾಳೆಯ ಮೇಲೆ, ಬಲಗೈ ಬೆರಳು ಇನ್ನೊಂದರ ಮೇಲೆ ಇಟ್ಟುಕೊಂಡು, ತುಟಿ ಅಲುಗಿಸುತ್ತ, ಓದುವವನೂ ತಾನೇ ತಿದ್ದುವವನೂ ತಾನೇ ಆಗಿ ಜಗುಲಿಯಲ್ಲಿ ಕೂತಿರುತ್ತಿದ್ದ. ಅಡಿಗೆಮನೆಯಿಂದ ಅದನ್ನು ನೋಡಿದಾಗಲೆಲ್ಲ ಗೋದಾ ಬಾಗಿಲು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು.

ಆರಾಧನಾ ಕಾಲೇಜಿನಲ್ಲಿ ಮೇಷ್ಟರಾಗಿ ಸೇರಿದ ಹೊಸದು, ತೊಂಬತ್ತಾರೋ ತೊಂಬತ್ತೇಳೋ. ಪಾಠಕ್ಕೆ ತಯಾರಿ ಮಾಡಿಕೊಳ್ಳುತ್ತ ಅಪ್ಪನ ಮುಂದೆ ಆ ಕಾದಂಬರಿ ಹಿಡಿದು ಕೂತಿದ್ದಳು.

“ಅಪ್ಪಾ, ಒಂದು ಕಾದಂಬರಿ ದೊಡ್ಡದು ಅನ್ನಿಸ್ಕೊಳ್ಳೋದು ಯಾಕೆ ಗೊತ್ತಾ? ಬರೆಯೋನಿಗೆ ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಿರ್ಬೇಕು. ಇಂಥ ಪುಸ್ತಕ ಅಚ್ಚಾಗ್ತಿದ್ದ ಜಾಗದಲ್ಲಿ ಇದ್ದು, ನೀನು ಕೆಲಸ ಕಳ್ಕೊಂಡ್ಯಲ್ಲಪ್ಪ.”

“ಹೌದಮ್ಮ. ನಿಲ್ಲಿಸೋದು ಕಷ್ಟ,” ಎಂದು ವೆಂಕಟಾಚಲ ಕನ್ನಡಕ ಒರೆಸಿಕೊಂಡ. ಒರೆಸಿಕೊಳ್ಳುತ್ತ ಅಡಿಗೆಮನೆಯ ಕಡೆ ನೋಡಿದ. ಗೋದಾ ಸೌಟು ಹಿಡಿದು ಅತ್ತ ತಿರುಗಿ ನಿಂತಳು.

*

ಹನ್ನೊಂದು ಗಂಟೆಗೆ ದೊಡ್ಡಬೈರಪ್ಪ ಬಂದರು. ಪ್ರೆಸ್ಸು ಮಾರಿ ಹತ್ತು ವರ್ಷವಾಗಿತ್ತು. ಈಗ ಅಲ್ಲಿ ಬಟ್ಟೆಯಂಗಡಿ. ಹಾರ ಹಾಕಿ, ಮೂಲೆಯಲ್ಲಿ ಗೋಡೆಗೊರಗಿ ನಿಂತು, ಟವೆಲಿನಲ್ಲಿ ಮುಖ ಒರೆಸಿಕೊಂಡರು. ರಾಯರಿಗೂ ಅವರಿಗೂ ಕಣ್ಣು ಕೂಡಿತು. ಇಬ್ಬರೂ ನಮಸ್ಕಾರ ಹೇಳಲಿಲ್ಲ.

ಪುರೋಹಿತರು ಅಕ್ಕಿಯ ಬಟ್ಟಲು ಇಸಿದುಕೊಂಡರು. “ಬಾಯಿಗೆ ಅಕ್ಕಿ ಹಾಕೋರು ಒಬ್ಬೊಬ್ಬರಾಗಿ ಬನ್ನಿ. ಗೋದಮ್ಮನೋರು ಕೊನೇಲಿ.”

ಗಿರಿಜಾಂಬಾ ಬಂದರು, ನಾಲ್ಕು ಕಾಳು ತಮ್ಮನ ತುಟಿಯ ಮೇಲಿಟ್ಟು ಮುಖ ಮುಚ್ಚಿಕೊಂಡರು. ಆರಾಧನಾ ಅಳುತ್ತ ಹಾಕಿದಳು. ಆಗ ಮರಿಯಣ್ಣ ಮೇಷ್ಟರು ಮುಂದೆ ಬಂದು, “ಸಾರ್, ತಾವು ಬಂದಿರೋದೇ ದೊಡ್ಡದು. ಎರಡು ಮಾತು ಹೇಳಿ,” ಎಂದು ಕೈ ಮುಗಿದರು. ಗಡಿಯಾರ ನೋಡಿ ಕಶ್ಯಪ್ ಹಲ್ಲು ಕಚ್ಚಿದ.

ರಾಯರು ಗಂಟಲು ಸರಿ ಮಾಡಿಕೊಂಡರು. ಗೋದಾ ತಲೆಯೆತ್ತಿ ಅವರನ್ನೇ ನೋಡಿದಳು.

“ವೆಂಕಟಾಚಲಯ್ಯನವರು ನನ್ನ ಮೊದಲ ಪುಸ್ತಕಗಳ ಅಕ್ಷರ ತಿದ್ದಿದ ಸಜ್ಜನರು. ‘ಎಂಟನೆಯ ಅಂಕಣ’ದ ಹೊತ್ತಿಗೆ…” ರಾಯರು ಒಮ್ಮೆ ಗೋದಾಳತ್ತ, ಒಮ್ಮೆ ಜನರತ್ತ ನೋಡಿದರು. ಎಷ್ಟೊಂದು ಕಣ್ಣುಗಳು ಅವರನ್ನೇ ನೋಡುತ್ತಿದ್ದವು. “ಆ ಹೊತ್ತಿಗೆ ಅವರ ಕೈಯಲ್ಲಿ ಏನೋ ಸಣ್ಣ ಅಜಾಗರೂಕತೆ ಆಯಿತು. ಮನುಷ್ಯ ಅಂದಮೇಲೆ ತಪ್ಪು ಸಹಜ. ಅದನ್ನು ನಾನು ಅವತ್ತೇ ಕ್ಷಮಿಸಿದ್ದೇನೆ ಅಂತ ಹೇಳೋದಕ್ಕೇ ಇವತ್ತು ಬಂದೆ.”

ಜನ ತಲೆದೂಗಿದರು. ಎಂಥ ದೊಡ್ಡ ಮನಸ್ಸು!

“ಯಾರನ್ನ ಕ್ಷಮಿಸಿದ್ರಿ ರಾಯರೇ?”

ಗೋದಾ ಎದ್ದು ನಿಂತಿದ್ದಳು. ಅವಳ ದನಿ ಅಷ್ಟು ಗಟ್ಟಿಯಾಗಿ ಆ ಮನೆಯಲ್ಲಿ ಕೇಳಿ ಇಪ್ಪತ್ತೊಂಬತ್ತು ವರ್ಷವಾಗಿತ್ತು.

“ಅಮ್ಮಾ, ಕೂತ್ಕೋ,” ಎಂದು ಆರಾಧನಾ ತೋಳು ಹಿಡಿದಳು.

“ಬಿಡೇ. ಸತ್ತವರ ಮುಂದೆ ಸುಳ್ಳು ಆಡ್ಬಾರ್ದು. ನಿಮ್ಮ ಪುಸ್ತಕಕ್ಕೆ ಇನ್ನೊಂದು ಅಧ್ಯಾಯ ಇತ್ತಲ್ಲ ರಾಯರೇ? ಬಾಗಿಲು ತೆಗೆದ ಮೇಲೆ ಏನಾಯ್ತು ಅಂತ ಹನ್ನೊಂದು ಹಾಳೆ ಬರೆದಿದ್ರಲ್ಲ? ಇವರು ಕಳೀಲಿಲ್ಲ. ನಾನು ತೆಗೆದೆ. ಇವರು ಇಲ್ದಿದ್ದಾಗ ಓದ್ದೆ, ಸುಳ್ಳು ಅನ್ನಿಸ್ತು, ಬೇಳೆಡಬ್ಬೀಲಿ ಬಚ್ಚಿಟ್ಟೆ. ಇಷ್ಟೇ ಅಂತ ಇವರಿಗೆ ಸುಳ್ಳು ಹೇಳ್ದೆ. ಇವರು ನನ್ನನ್ನ ನಂಬಿದ್ರು, ಅನ್ನ ಕಳ್ಕೊಂಡ್ರು. ಆ ಹಾಳೆ ಹಂಡೆ ಒಲೇಲಿ ಉರೀತು. ಬೈಯೋದಿದ್ರೆ ನನ್ನನ್ನ ಬೈರಿ. ಕ್ಷಮಿಸೋಕೆ ನೀವ್ಯಾರ್ರೀ? ನೀವು ನನ್ನ ಗಂಡನ ಕ್ಷಮೆ ಕೇಳ್ಬೇಕು, ನಾನೂ ಕೇಳ್ಬೇಕು.”

ಗಿರಿಜಾಂಬಾ ಕಣ್ಣಿನಿಂದ ಸೆರಗು ತೆಗೆದರು. ಮರಿಯಣ್ಣ ಮೇಷ್ಟರು ರಾಯರ ಮುಖ ನೋಡಿದರು, ರಾಯರು ನೆಲ ನೋಡಿದರು. ಅವರು ಇಲ್ಲವೆನ್ನಲಿಲ್ಲ. ಅದೇ ಸಾಕಾಯಿತು.

“ಅಮ್ಮಾ…” ಆರಾಧನಾಳ ದನಿ ಒಡೆಯಿತು. “ನಾನು ಅಪ್ಪಂಗೆ ಏನೆಲ್ಲಾ ಅಂದ್ಬಿಟ್ಟೆ. ನೀನು ಒಳಗಿಂದ ಕೇಳಿಸ್ಕೊಂಡು ಸುಮ್ಮನಿದ್ಯಾ?”

ಈ ಮಾತಿಗೇ ಗೋದಾ ಹೆದರಿದ್ದು. “ಇದ್ದೆ ಕಣೇ,” ಎಂದಳು. “ಪಾಪಿ ನಾನು. ಕೊನೆವರೆಗೂ ಮೋಸ ಮಾಡಿ ಕಳಿಸ್ತಿದೀನಿ.”

“ಮೋಸ ಎಲ್ ಬಂತಮ್ಮ?”

ಮೂಲೆಯಿಂದ ದೊಡ್ಡಬೈರಪ್ಪ ಮುಂದೆ ಬಂದರು. ಟವೆಲನ್ನು ಹೆಗಲಿಂದ ತೆಗೆದು ಕೈಗೆ ಸುತ್ತಿಕೊಂಡಿದ್ದರು.

“ಅವ್ರಿಗೆ ಗೊತ್ತಿತ್ತು.”

“ಏನು?”

“ಎಲ್ಲಾ ಗೊತ್ತಿತ್ತು. ಹಾಳೆ ಎಣಿಸ್ದೆ ವೆಂಕಟಾಚಲಯ್ಯನೋರು ಯಾವ ಕಾಪೀನೂ ಮುಟ್ತಿರ್ಲಿಲ್ಲ ಕಣಮ್ಮ. ಆ ಶುಕ್ರವಾರ ನನ್ ಎದುರಿಗೇ ಎಣಿಸಿ, ಕಟ್ಟಿನ ಮೇಲೆ ನಲವತ್ತು ಅಂತ ಬರ್ದು ಮನೇಗ್ ತಗೊಂಡೋದ್ರು. ಸೋಮವಾರ ಇಪ್ಪತ್ತೊಂಬತ್ತು ತಂದ್ರು. ಏನ್ ಸ್ವಾಮಿ, ಹನ್ನೊಂದು ಕಮ್ಮಿ ಅದಲ್ಲ ಅಂದೆ. ಗೋದಾ ತೆಗೆದಿಟ್ಟವಳೆ, ಅಲ್ಲಿಗೇ ಮುಗಿಸಿ ಅಂದ್ರು. ಏನಿತ್ತು ಅದ್ರಲ್ಲಿ ಅಂದೆ. ನಾನು ಓದಿಲ್ಲ, ಅವಳು ಬೇಡ ಅಂದ್ಮೇಲೆ ಬೇಡ ಅಂದ್ರು. ನಂಗೇನ್ ಗೊತ್ತಮ್ಮ ಸಾಹಿತ್ಯ? ಅಚ್ಚು ಹಾಕ್ದೆ.”

ಗೋದಾ ಗಂಡನ ಮುಖದ ಕಡೆ ತಿರುಗಿದಳು.

“ರಾಯರು ಬಂದು ಕೂಗಾಡ್ದಾಗ ನಿಮ್ಮೆಸ್ರು ಎತ್ಬಾರ್ದು ಅಂತ ನನ್ ಕೈ ಹಿಡ್ಕಂಡು ಭಾಷೆ ತಗೊಂಡ್ರು. ಇಂಥೋರನ್ನ ಕೆಲಸದಿಂದ ತೆಗೀಬಾರ್ದಿತ್ತು. ರಾಯರ ಪುಸ್ತಕ ಕೈಬಿಟ್ರೆ ಪ್ರೆಸ್ಸು ಮುಚ್ತದೆ ಅಂತ ಹೆದ್ರಿ ತೆಗ್ದೆ. ಆ ಪಾಪ ನಂದು, ಅದನ್ನ ನಾನು ಹೊತ್ಕತೀನಿ.” ದೊಡ್ಡಬೈರಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡರು. “ಎಷ್ಟೋ ಸಲ ಅಂದೆ, ಆ ಹಾಳೇಲಿ ಏನಿತ್ತು ಅಂತಾನಾದ್ರೂ ಮನೇಲಿ ಕೇಳಿ ಸ್ವಾಮಿ ಅಂತ. ನಾನಾಗಿ ಕೇಳಿದ್ರೆ ತಪ್ಪೊಪ್ಪಿಸಿದ ಹಾಗಾಗ್ತದೆ, ಅವಳೇ ಒಂದಿನ ಹೇಳ್ತಾಳೆ, ಕಾಯ್ತೀನಿ ಅನ್ನೋರು. ಹೋದ ತಿಂಗಳು ನೋಡಕ್ ಬಂದಾಗ್ಲೂ ಕೇಳ್ದೆ. ಇನ್ನೂ ಹೇಳಿಲ್ಲ ಬೈರಪ್ಪ ಅಂತ ನಕ್ರು.”

“ಹನ್ನೊಂದೂ ಇಪ್ಪತ್ತು,” ಎಂದ ಕಶ್ಯಪ್ ಯಾರಿಗೂ ಅಲ್ಲದ ಹಾಗೆ.

ಪುರೋಹಿತರು ಅಕ್ಕಿಯ ಬಟ್ಟಲು ಮುಂದೆ ಹಿಡಿದರು. ಗೋದಾ ಮುಷ್ಟಿ ತುಂಬ ಅಕ್ಕಿ ತೆಗೆದುಕೊಂಡು ಗಂಡನ ತಲೆಯ ಬಳಿ ಕುಸಿದು ಕೂತಳು.

“ಗೊತ್ತಿತ್ತೇನ್ರೀ?” ಎಂದಳು. ಆಮೇಲೆ ಅವಳ ದನಿ ಏರಿತು. “ಗೊತ್ತಿದ್ದೂ ಸುಮ್ಮನಿದ್ರಾ? ಓದು ಓದು ಅಂತ ಕರೆದ್ರಲ್ಲ, ಇದಕ್ಕೇನಾ? ನಾನೇನೋ ದೊಡ್ಡ ಶಿಕ್ಷೆ ಅನುಭವಿಸ್ತಿದೀನಿ ಅಂತ ಬಾಯಿ ಕಟ್ಕೊಂಡು ಕೂತಿದ್ನಲ್ರೀ! ಒಂದು ಸಲ ಗದರಿಸಿ ಕೇಳ್ಬಾರ್ದಿತ್ತಾ? ಎಂಥಾ ಮನುಷ್ಯ ನೀವು! ನಿಮಗೆ ಬುದ್ಧಿ ಬೇಡ್ವಾ?”

“ಗೋದಾ, ಹೆಣಾನ ಬೈಬಾರ್ದು ಕಣೇ,” ಎಂದರು ಗಿರಿಜಾಂಬಾ. ಆ ದನಿಯಲ್ಲಿ ಮೊದಲಿನ ಖಾರವಿರಲಿಲ್ಲ.

ಗೋದಾಗೆ ಅದು ಕೇಳಿಸಲಿಲ್ಲ. ಅವಳು ಅಕ್ಕಿಯ ಮುಷ್ಟಿಯನ್ನು ಗಂಡನ ಎದೆಯ ಪಕ್ಕ ಊರಿ, ಕಿವಿಯಲ್ಲಿಟ್ಟಿದ್ದ ತುಳಸಿಯನ್ನು ಮೆಲ್ಲಗೆ ಸರಿಸಿದಳು. ಬಗ್ಗಿ ಬಾಯಿಯನ್ನು ಆ ಕಿವಿಗೆ ತಾಗಿಸಿದಳು. “ಕೇಳಿ, ಹೇಳ್ತೀನಿ. ತುಂಗಕ್ಕ ಅಗುಳಿ ತೆಗೆದಳು, ಆಚೆ ಯಾರಿದ್ರು ಅಂದ್ರೆ…” ಎಂದದ್ದಷ್ಟೇ ಉಳಿದವರಿಗೆ ಕೇಳಿಸಿತು. ಮುಂದಿನದು ಬರಿಯ ಪಿಸುದನಿ.

ಪುರೋಹಿತರ ಮಂತ್ರ ನಿಂತಿತು. ಜಗುಲಿಯಲ್ಲಿದ್ದವರು ಒಬ್ಬೊಬ್ಬರಾಗಿ ಹೊಸ್ತಿಲೊಳಗೆ ಬಂದರು. ಮರಿಯಣ್ಣ ಮೇಷ್ಟರು ಕತ್ತು ಚಾಚಿದರು. ಆರಾಧನಾ ಅಳುವುದನ್ನು ನಿಲ್ಲಿಸಿ ಮೊಣಕಾಲೂರಿದಳು. ಶ್ರೀಹರಿರಾಯರು ಊರುಗೋಲನ್ನು ಒಂದು ಹೆಜ್ಜೆ ಮುಂದಿಟ್ಟು, ಕಿವಿಗೆ ಕೈ ಅಡ್ಡ ಹಿಡಿದು ಬಗ್ಗಿದರು. ಹೊರಗೆ ಗಾಡಿಯವನು ಎರಡು ಸಲ ಹಾರನ್ ಹೊಡೆದ, ಕಶ್ಯಪ್ ಅವನ ಕಡೆ ಸುಮ್ಮನಿರು ಎಂದು ಕೈ ಮಾಡಿದ. ಗೋದಾ ನಿಧಾನವಾಗಿ, ಒಂದು ಮಾತೂ ಬಿಡದೆ ಹೇಳುತ್ತಲೇ ಇದ್ದಳು. ನಡುವೆ ಒಂದು ಸಲ ಅವಳಿಗೆ ನಗುವೂ ಬಂತು. ಸಡಿಲವಾದ ಅವಳ ಮುಷ್ಟಿಯಿಂದ ಅಕ್ಕಿಯ ಕಾಳು ಒಂದೊಂದಾಗಿ ಚಾಪೆಯ ಮೇಲೆ ಉದುರುತ್ತಿದ್ದವು.